ವಾರದಲ್ಲಿ ಅರ್ಧ ಕಂಪನಿ, ಅರ್ಧ ಎಕ್ಸ್‌ರೇ: ವೈದ್ಯಕೀಯ ಮಷಿನ್ ಲರ್ನಿಂಗ್ ಸಂಶೋಧನೆ ಬಗ್ಗೆ ಕೇಳಿ

ಈ ವಾರ ಉತ್ತರ ಹೇಳೋ ಸರದಿಯನ್ನು ನಮ್ಮ ಗುಂಪಿನ ಅಡ್ಮಿನ್ ನನಗೆ ಕೊಟ್ಟಿದ್ದಾರೆ. ವಾರದ ಮೊದಲರ್ಧ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಗುರುವಾರದಿಂದ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಪಾರ್ಟ್‌ಟೈಮ್ ಸಂಶೋಧಕಿ. ಎದೆಯ ಎಕ್ಸ್‌ರೇ ನೋಡಿ ಟಿಬಿ ಶಂಕೆ ಇದೆಯೇ ಎಂದು ಹೇಳುವ ಮಾಡೆಲ್‌ಗಳು, ಅಂದರೆ ಉದಾಹರಣೆ ಚಿತ್ರಗಳಿಂದ ಕಲಿಯುವ ಪ್ರೋಗ್ರಾಂಗಳು, ನಮ್ಮ ವಿಷಯ. ಮನೆಯವರ ರಿಪೋರ್ಟ್ ಕಳಿಸಿ "ಸ್ವಲ್ಪ ನೋಡಿ ಹೇಳಿ" ಅನ್ನಬೇಡಿ, ನಾನು ಡಾಕ್ಟರಲ್ಲ.

ಪ್ರಶ್ನೆ (ಹಾಸನ, ಬಿ.ಇ. ಕೊನೆಯ ವರ್ಷ): ಮೇಡಂ, ನಮ್ಮ ಟಿಬಿ ಮಾಡೆಲ್‌ಗೆ 99% ಆಕ್ಯುರೆಸಿ ಬಂದಿದೆ. ಟಿಬಿ ಚಿತ್ರಗಳು ಚೀನಾದ ಶೆನ್‌ಜೆನ್ ಡೇಟಾಸೆಟ್‌ನವು (ಚಿತ್ರಸಂಗ್ರಹ), ನಾರ್ಮಲ್ ಚಿತ್ರಗಳು ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವು. ಪೇಪರ್ ಬರೆಯಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಕಾಯಿಲೆಯವರೆಲ್ಲ ಒಂದು ಊರಿನವರು, ಆರೋಗ್ಯವಂತರೆಲ್ಲ ಇನ್ನೊಂದು ದೇಶದವರು ಆದಾಗ ಮಾಡೆಲ್ ಟಿಬಿ ಕಲಿಯುವ ಕಷ್ಟಕ್ಕೆ ಯಾಕೆ ಹೋಗುತ್ತದೆ? ಮೆಷಿನ್‌ನ ಕಾಂಟ್ರಾಸ್ಟ್, ಚಿತ್ರದ ಅಂಚು, ಮೂಲೆಯ ಅಕ್ಷರ ನೋಡಿದರೆ ಸಾಕು. 2018ರಲ್ಲಿ ಅಮೆರಿಕದ ಮೂರು ಕಡೆಯ ಎಕ್ಸ್‌ರೇ ಇಟ್ಟುಕೊಂಡು ನ್ಯುಮೋನಿಯಾ ಬಗ್ಗೆ ಇಂಥದ್ದೇ ಅಧ್ಯಯನ ನಡೆದಿತ್ತು. ಚಿತ್ರ ಯಾವ ಆಸ್ಪತ್ರೆಯದು ಎಂದು ಮಾಡೆಲ್ ಹೆಚ್ಚುಕಮ್ಮಿ ತಪ್ಪಿಲ್ಲದೆ ಹೇಳುತ್ತಿತ್ತು.

ಒಂದು ಕೆಲಸ ಮಾಡಿ. ಎಲ್ಲ ಚಿತ್ರಗಳಲ್ಲೂ ಶ್ವಾಸಕೋಶದ ಜಾಗಕ್ಕೆ ಕಪ್ಪು ಬಳಿದು ಮತ್ತೆ ಟ್ರೈನ್ ಮಾಡಿ. ಆಗಲೂ ಅಂಕಿ ಇಳಿಯದಿದ್ದರೆ ಮಾಡೆಲ್ ಶ್ವಾಸಕೋಶ ನೋಡುತ್ತಿಲ್ಲ ಎಂದು ಗೊತ್ತಾಯಿತಲ್ಲ.

ಹಾಸನ: ಮಾಡಿದೆ ಮೇಡಂ. 97% 😅

ಉತ್ತರ: ಹಾಗಾದರೆ ಶೆನ್‌ಜೆನ್ ಪತ್ತೆ ಹಚ್ಚುವ ಒಳ್ಳೆ ಮಾಡೆಲ್ ನಿಮ್ಮ ಹತ್ತಿರ ಇದೆ! ತಮಾಷೆ ಅಲ್ಲ, ಇದನ್ನೇ ಬರೆದರೆ ಪ್ರಾಜೆಕ್ಟ್ ರಿಪೋರ್ಟ್‌ಗೆ ತೂಕ ಬರುತ್ತದೆ. ಶೆನ್‌ಜೆನ್ ಸೆಟ್‌ನ 662 ಚಿತ್ರಗಳಲ್ಲಿ 336 ಟಿಬಿಯವು, 326 ನಾರ್ಮಲ್. ಎರಡನ್ನೂ ಅಲ್ಲಿಂದಲೇ ತಗೊಂಡು ಟ್ರೈನ್ ಮಾಡಿ, ಅಮೆರಿಕದ ಮಾಂಟ್ಗೊಮರಿ ಸೆಟ್‌ನ 138 ಚಿತ್ರಗಳ ಮೇಲೆ ಪರೀಕ್ಷಿಸಿ. 99 ಬರಲ್ಲ, ಬರುವ ಅಂಕಿ ಮಾತ್ರ ನಂಬುವಂಥದ್ದು. ಎನ್‌ಐಎಚ್ ಸೆಟ್ ಬಳಸುವಾಗ ಇನ್ನೊಂದು ಎಚ್ಚರ: ಅಲ್ಲಿ 1,12,120 ಚಿತ್ರ ಇದ್ದರೂ ರೋಗಿಗಳು 30,805 ಮಂದಿ ಮಾತ್ರ. ಚಿತ್ರಗಳನ್ನು ಕಣ್ಣುಮುಚ್ಚಿ ಹಂಚಿದರೆ ಒಬ್ಬರದೇ ಎದೆ ಟ್ರೈನಿಂಗ್‌ನಲ್ಲೂ ಟೆಸ್ಟ್‌ನಲ್ಲೂ ಕೂತಿರುತ್ತದೆ. ರೋಗಿಯ ಐಡಿ ನೋಡಿ ಹಂಚಿ.

ಪ್ರಶ್ನೆ (ಶಿವಮೊಗ್ಗ, ಖಾಸಗಿ ಆಸ್ಪತ್ರೆಯ ವೈದ್ಯರು): ನಮ್ಮಲ್ಲಿ ಹಳೆ ಎಕ್ಸ್‌ರೇಗಳು ರಾಶಿ ಬಿದ್ದಿವೆ. ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟರೆ ನಿಮಗೆ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಡಾಕ್ಟ್ರೇ, ಉಪಯೋಗ ಖಂಡಿತ ಇದೆ, ಆದರೆ ಪೆನ್‌ಡ್ರೈವ್ ಬೇಡ. ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ, ಆಮೇಲೆ ಆಸ್ಪತ್ರೆಗೂ ವಿಶ್ವವಿದ್ಯಾಲಯಕ್ಕೂ ಲಿಖಿತ ಒಪ್ಪಂದ. ಆರೋಗ್ಯ ಕ್ಷೇತ್ರದ ಎಐಗೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ನೈತಿಕ ಮಾರ್ಗಸೂಚಿ ಹೊರತಂದಿದೆ, ಅರ್ಜಿ ಬರೆಯುವ ಮೊದಲು ಅದನ್ನೊಮ್ಮೆ ಓದಿ.

ಹೆಸರು ಅಳಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಎಕ್ಸ್‌ರೇ ಉಳಿಸುವ ಡೈಕಾಮ್ ಫೈಲಿನ ಹೆಡರ್‌ನಲ್ಲಿರುವ (ಮಾಹಿತಿ ಭಾಗ) ಹೆಸರು, ಹುಟ್ಟಿದ ದಿನ, ಆಸ್ಪತ್ರೆ ನಂಬರನ್ನು ಸ್ಕ್ರಿಪ್ಟ್ ಹಾಕಿ ತೆಗೆಯಬಹುದು. ಕೆಲವು ಚಿತ್ರಗಳಲ್ಲಿ ಹೆಸರು ಮೂಲೆಯಲ್ಲಿ, ಎಡಬಲದ ಗುರುತಿನ ಪಕ್ಕದಲ್ಲೇ, ಚಿತ್ರದ ಭಾಗವಾಗಿಯೇ ಅಚ್ಚಾಗಿರುತ್ತದೆ. ಅದನ್ನು ಒಬ್ಬರು ಕೂತು ನೋಡಿಯೇ ಅಳಿಸಬೇಕು. ಮತ್ತೆ ಕೆಲವು ಫೈಲುಗಳು 'ಮಾನೋಕ್ರೋಮ್ 1' ಅಂತ ಬರುತ್ತವೆ, ಅವುಗಳಲ್ಲಿ ಕಪ್ಪುಬಿಳುಪು ಅದಲುಬದಲು. ನಿಮ್ಮ ವ್ಯೂವರ್ ತಾನೇ ಸರಿಪಡಿಸಿ ತೋರಿಸುತ್ತದೆ, ಹಾಗಾಗಿ ಗೊತ್ತೇ ಆಗಲ್ಲ. ಫೈಲಿನ ಆ ಟ್ಯಾಗ್ ನೋಡದೆ ಪಿಕ್ಸೆಲ್ ಓದುವ ಕೋಡ್‌ಗೆ ಮಾತ್ರ ಮೂಳೆ ಕಪ್ಪಾಗಿ, ಶ್ವಾಸಕೋಶ ಬೆಳ್ಳಗೆ ಕಾಣುತ್ತದೆ.

ಎಕ್ಸ್‌ರೇ ಜೊತೆ ಕಫದ ಸಿಬಿನಾಟ್ (ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಫಲಿತಾಂಶವೂ ಇದ್ದರೆ ದಯವಿಟ್ಟು ಬಿಸಾಡಬೇಡಿ. ಚಿತ್ರಕ್ಕಿಂತ ಅದೇ ಅಪರೂಪ.

ಪ್ರಶ್ನೆ (ಬೆಂಗಳೂರು, ಐಟಿ ಉದ್ಯೋಗಿ): ಇರೋ ಕೆಲಸ ಬಿಡದೆ ಈ ಕಡೆ ಬರೋದು ಹೇಗೆ? ದುಡ್ಡು ಸಿಗತ್ತಾ?

ಉತ್ತರ: ದುಡ್ಡಿಗಾಗಿ ಬರಬೇಡಿ. ಪ್ರಾಜೆಕ್ಟ್ ಹಣದಿಂದ ಬರುವ ಪಾರ್ಟ್‌ಟೈಮ್ ಸಂಭಾವನೆ ಐಟಿ ಸಂಬಳದ ಹತ್ತಿರಕ್ಕೂ ಬರಲ್ಲ, ಪ್ರಾಜೆಕ್ಟ್ ಮುಗಿದರೆ ಅದೂ ಮುಗಿಯಿತು. ಪಿಎಚ್‌ಡಿಯೇ ಬೇಕಿದ್ದರೆ ಯುಜಿಸಿಯ 2022ರ ನಿಯಮಗಳಲ್ಲಿ ಪಾರ್ಟ್‌ಟೈಮ್‌ಗೆ ಅವಕಾಶ ಇದೆ, ಆದರೆ ಕಂಪನಿಯಿಂದ ಎನ್‌ಒಸಿ ತರಬೇಕು, ಕೋರ್ಸ್‌ವರ್ಕ್ ಎಲ್ಲರಂತೆ ಮುಗಿಸಬೇಕು. ಉದ್ಯೋಗದಲ್ಲಿರುವವರಿಗೆ ಐಐಎಸ್‌ಸಿಯಲ್ಲೂ ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್ ಎಂಬ ದಾರಿ ಇದೆ. ಸಹಿ ಹಾಕುವ ಮೊದಲು ಕಂಪನಿಯ ಕರಾರು ಪತ್ರದಲ್ಲಿ "ನೀವು ಬರೆದ ಕೋಡೆಲ್ಲ ನಮ್ಮದು" ಎಂಬ ಸಾಲು ಇದೆಯಾ ನೋಡಿಕೊಳ್ಳಿ.

ಅರ್ಧ ವಾರದಲ್ಲಿ ಕೆಲಸ ಸಾಗುತ್ತದಾ ಅಂದರೆ, ಮಾಡೆಲ್ ಮಟ್ಟಿಗೆ ಸಾಗುತ್ತದೆ. ಬುಧವಾರ ರಾತ್ರಿ ಟ್ರೈನಿಂಗ್ ಹಚ್ಚಿಟ್ಟರೆ ಗುರುವಾರ ಬೆಳಿಗ್ಗೆ ಫಲಿತಾಂಶ ಕೈಲಿರುತ್ತದೆ. ಕಾಯಬೇಕಾದದ್ದು ಯಾವ ಚಿತ್ರದಲ್ಲಿ ಟಿಬಿ ಇದೆ ಎಂದು ಗುರುತು ಹಾಕಿಕೊಡುವ ಡಾಕ್ಟರಿಗೆ. ಒಪಿಡಿ, ತುರ್ತು ಸ್ಕ್ಯಾನ್ ಎಲ್ಲ ಮುಗಿಸಿ ರೇಡಿಯಾಲಜಿಸ್ಟ್ ಬಿಡುವಾಗುವ ಹೊತ್ತು ಹೆಚ್ಚಾಗಿ ಸೋಮವಾರ ಮಧ್ಯಾಹ್ನವೇ ಆಗಿರುತ್ತದೆ, ನಾನಾಗ ಕಂಪನಿ ಮೀಟಿಂಗ್‌ನಲ್ಲಿ. ಗೂಗಲ್‌ನವರು ಸಕ್ಕರೆ ಕಾಯಿಲೆಯ ಕಣ್ಣಿನ ತೊಂದರೆ ಬಗ್ಗೆ 2016ರಲ್ಲಿ ಪ್ರಕಟಿಸಿದ ಅಧ್ಯಯನ ಕೇಳಿರುತ್ತೀರಿ. ನಮ್ಮ ನಾರಾಯಣ ನೇತ್ರಾಲಯ, ಅರವಿಂದ್, ಶಂಕರ ನೇತ್ರಾಲಯದ ಚಿತ್ರಗಳೂ ಅದರಲ್ಲಿದ್ದವು. ಒಟ್ಟು 1,28,175 ಚಿತ್ರ, 54 ಕಣ್ಣಿನ ತಜ್ಞರು, ಒಂದೊಂದು ಚಿತ್ರಕ್ಕೂ ಮೂರರಿಂದ ಏಳು ಸಲ ಗ್ರೇಡ್. ಅಷ್ಟು ಕಣ್ಣುಗಳನ್ನು ಯಾವ ಸಣ್ಣ ಲ್ಯಾಬ್ ತರುತ್ತದೆ? ನಮ್ಮಲ್ಲಿ ಇಬ್ಬರು ತಜ್ಞರು ಒಂದೇ ಚಿತ್ರಕ್ಕೆ ಬೇರೆ ಬೇರೆ ಹೇಳಿದರೆ ಮೂರನೆಯವರನ್ನು ಹುಡುಕುವುದರಲ್ಲೇ ವಾರ ಕಳೆಯುತ್ತದೆ.

ಪ್ರಶ್ನೆ (ರಾಯಚೂರು, ಟಿಬಿ ವಿಭಾಗದ ಸಿಬ್ಬಂದಿ): ಕ್ಯಾಂಪ್‌ನಲ್ಲಿ ಬಳಸೋಕೆ 90% ಸರಿ ಹೇಳೋ ಸಾಫ್ಟ್‌ವೇರ್ ಸಾಕೇನ್ರಿ ಅಕ್ಕಾರೆ?

ಉತ್ತರ: ಲೆಕ್ಕ ಹಾಕೋಣ ಅಣ್ಣ. ಕ್ಯಾಂಪಿಗೆ 1000 ಮಂದಿ ಬಂದರು, ನಿಜವಾಗಿ ಟಿಬಿ ಇರೋರು 10 ಅಂತಿಟ್ಟುಕೊಳ್ಳಿ. ಟಿಬಿ ಇದ್ದವರಲ್ಲೂ ಇಲ್ಲದವರಲ್ಲೂ 90% ಸರಿ ಅಂದರೆ, 9 ಜನ ಸಿಗುತ್ತಾರೆ. ಉಳಿದ 990ರಲ್ಲಿ 99 ಮಂದಿಗೂ "ಶಂಕೆ" ಅಂತ ಬರುತ್ತದೆ. ಅಂದರೆ 108 ಜನರ ಕಫ ಪರೀಕ್ಷೆ ಮಾಡಿದರೆ 9 ಕೇಸ್. 1000 ಪರೀಕ್ಷೆ ಮಾಡೋ ಜಾಗದಲ್ಲಿ 108, ಲಾಭವೇ ಸರಿ. ಆದರೆ ಅಷ್ಟು ಸಿಬಿನಾಟ್ ಕಾರ್ಟ್ರಿಡ್ಜ್ ಅವತ್ತು ನಿಮ್ಮ ಹತ್ತಿರ ಇರಬೇಕು. ಇಲ್ಲದಿದ್ದರೆ 99 ಮಂದಿಗೆ ಸುಮ್ಮನೆ ಹೆದರಿಕೆ ಹಂಚಿದ ಹಾಗೆ.

ರಾಯಚೂರು: ಶಾಲಿ ಮಕ್ಕಳಿಗೂ ಮಾಡಬಹುದಾ?

ಉತ್ತರ: ಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಂಥ ಸಾಫ್ಟ್‌ವೇರ್‌ಗೆ ಕೊಟ್ಟ ಶಿಫಾರಸು 15 ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ. ಮಕ್ಕಳಲ್ಲಿ ಟಿಬಿ ಎಷ್ಟೋ ಸಲ ಎದೆಯ ನಡುವೆ ಗಾಳಿ ಕೊಳವೆ ಶ್ವಾಸಕೋಶ ಸೇರುವ ಜಾಗದ ದುಗ್ಧಗ್ರಂಥಿಗಳ ಊತವಾಗಿ ಕಾಣುತ್ತದೆ, ದೊಡ್ಡವರ ಎಕ್ಸ್‌ರೇ ನೋಡಿ ಕಲಿತ ಮಾಡೆಲ್ ಅದನ್ನು ಸುಲಭವಾಗಿ ದಾಟಿ ಹೋಗಬಹುದು. ಶಂಕೆ ಇರುವ ಮಕ್ಕಳನ್ನು ನೇರ ಮಕ್ಕಳ ಡಾಕ್ಟರ ಹತ್ತಿರ ಕಳಿಸಿ.