07/09/2003 ಎಂದರೆ ಸೆಪ್ಟೆಂಬರೋ, ಜುಲೈಯೋ?

ಪ್ರಶ್ನೆ: ಜೆರಾಕ್ಸ್ ಅಂಗಡಿ, ದಾವಣಗೆರೆ

ಮಾನ್ಯರೇ,

ದಾವಣಗೆರೆಯಲ್ಲಿ ಕಾಲೇಜೊಂದರ ಎದುರಿಗೆ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿಯಿದ್ದು, ಅಲ್ಲಿಯೇ ಎರಡು ಕಂಪ್ಯೂಟರ್ ಇಟ್ಟುಕೊಂಡು ವಿದ್ಯಾರ್ಥಿಗಳ ಆನ್‌ಲೈನ್ ಅರ್ಜಿಗಳನ್ನು ತುಂಬಿಕೊಡುತ್ತೇನೆ. ಸ್ಕಾಲರ್‌ಶಿಪ್, ಸಿಇಟಿ, ಪಾಸ್‌ಪೋರ್ಟ್ ಎಂದು ಇಷ್ಟು ವರ್ಷ ಅರ್ಜಿ ತುಂಬಿದರೂ ಜನ್ಮದಿನಾಂಕದಲ್ಲಿ ಎಡವಿದ್ದು ಇದೇ ಮೊದಲು. ಕಳೆದ ತಿಂಗಳು ಒಬ್ಬ ಹುಡುಗಿಯ ಪರವಾಗಿ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದೆ. ಆಕೆ ಹುಟ್ಟಿದ್ದು 2003ರ ಸೆಪ್ಟೆಂಬರ್ 7ರಂದು. ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ 07/09/2003 ಎಂದು ಒತ್ತಿದೆ. ಯಾವ ತಕರಾರೂ ಬರಲಿಲ್ಲ. ಮೂರು ವಾರದ ನಂತರ ಬಂದ ಪತ್ರದಲ್ಲಿ ಆಕೆಯ ಜನ್ಮದಿನ ಜುಲೈ 9 ಎಂದಿತ್ತು. ಖಾನೆಯ ಕೆಳಗೆ ತಿಂಗಳು ಮೊದಲು ಎಂಬ ಸೂಚನೆ ಸಣ್ಣ ಅಕ್ಷರದಲ್ಲಿ ಇದ್ದದ್ದು ಆಮೇಲೆ ಕಣ್ಣಿಗೆ ಬಿತ್ತು, ತಪ್ಪು ನನ್ನದೇ.

ಆ ಭಯದಲ್ಲಿ ಹಳೆಯ ಕಡತಗಳನ್ನು ತೆರೆದು ನೋಡಿದಾಗ ಇನ್ನೊಂದು ವಿಚಿತ್ರ ಕಂಡಿತು. ಬೇರೊಬ್ಬರಿಗೆ ಮಾಡಿಕೊಟ್ಟ ನಲವತ್ತು ವಿದ್ಯಾರ್ಥಿಗಳ ಪಟ್ಟಿಯಲ್ಲಿ ಕೆಲವು ದಿನಾಂಕಗಳು ಖಾನೆಯ ಎಡಕ್ಕೂ ಕೆಲವು ಬಲಕ್ಕೂ ಅಂಟಿಕೊಂಡಿವೆ. ಇದರ ಅರ್ಥವೇನು? ಅಮೆರಿಕದವರು ತಿಂಗಳನ್ನು ಏಕೆ ಮುಂದೆ ಬರೆಯುತ್ತಾರೆ? ಯಾರು ಓದಿದರೂ ಒಂದೇ ಅರ್ಥ ಬರುವಂತೆ ಬರೆಯುವ ಕ್ರಮವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಬೆಣ್ಣೆದೋಸೆ ಪ್ರೋಗ್ರಾಮರ್

ಸರ್, ಮೊದಲು ಆ ಪಟ್ಟಿಯನ್ನು ಯಾರಿಗೂ ಮತ್ತೆ ಕಳುಹಿಸಬೇಡಿ. ನಿಮ್ಮ ಕಂಪ್ಯೂಟರಿನ ಪ್ರಾಂತ್ಯದ ಸೆಟ್ಟಿಂಗ್ ಅಮೆರಿಕದ್ದಾಗಿರಬೇಕು. ಹಾಗಿದ್ದಾಗ ಸ್ಪ್ರೆಡ್‌ಶೀಟ್ ಮೊದಲ ಅಂಕಿಯನ್ನು ತಿಂಗಳೆಂದೇ ಓದುತ್ತದೆ. 25/09/2003 ಎಂದು ಕೊಟ್ಟರೆ ಇಪ್ಪತ್ತೈದನೇ ತಿಂಗಳು ಇಲ್ಲದ ಕಾರಣ ಅದನ್ನು ದಿನಾಂಕವೆಂದು ಒಪ್ಪದೆ ಬರೀ ಅಕ್ಷರವೆಂದು ಎಡಕ್ಕೆ ಇಡುತ್ತದೆ. 07/09/2003 ಎಂಬುದನ್ನು ಮಾತ್ರ ಸಂತೋಷದಿಂದ ಜುಲೈ 9 ಮಾಡಿಕೊಂಡು ಬಲಕ್ಕೆ ಇಡುತ್ತದೆ. ಅಂದರೆ ಎಡಕ್ಕಿರುವವು ನೋಡಲು ಕೆಟ್ಟಂತಿದ್ದರೂ ಸರಿಯಾಗಿವೆ, ಅಚ್ಚುಕಟ್ಟಾಗಿ ಬಲಕ್ಕೆ ನಿಂತಿರುವವೇ ಕೆಟ್ಟಿವೆ.

ದಿನ ಮತ್ತು ತಿಂಗಳು ಎರಡೂ 12ರೊಳಗಿದ್ದಾಗ ಮಾತ್ರ ಈ ಗೊಂದಲ ಹುಟ್ಟುತ್ತದೆ. ಅಂತಹ ದಿನಗಳು ವರ್ಷಕ್ಕೆ 144. ಅವುಗಳಲ್ಲಿ 5/5, 8/8ರಂತಹ ಹನ್ನೆರಡು ಹೇಗೆ ಓದಿದರೂ ಒಂದೇ. ಉಳಿದ 132 ದಿನಗಳು, ಎಂದರೆ ವರ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ತಿರುಗುಮುರುಗಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಅಮೆರಿಕದವರು ಬರೆಯುವುದು ತಮ್ಮ ಮಾತಿನ ಕ್ರಮದಲ್ಲಿ. ಅವರ ಸ್ವಾತಂತ್ರ್ಯ ಘೋಷಣೆಯ ತಲೆಯಲ್ಲಿಯೇ ಜುಲೈ 4, 1776 ಎಂದಿದೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಎರಡೂ ರೂಢಿಗಳು ಇದ್ದು, ಮುಂದೆ ಅಲ್ಲಿ ದಿನ ಮೊದಲು ಬರುವ ರೂಢಿ ನಿಂತಿತು, ಅಮೆರಿಕದಲ್ಲಿ ತಿಂಗಳು ಮೊದಲು ಬರುವ ರೂಢಿಯೇ ಉಳಿಯಿತು. ನಮಗೆ ಬಂದದ್ದು ಬ್ರಿಟಿಷರ ಕಚೇರಿಯ ರೂಢಿ. ಅಮೆರಿಕದ ಸೇನೆ ದಿನವನ್ನೇ ಮೊದಲು ಬರೆಯುತ್ತದೆ ಎಂಬುದು ಇದರೊಳಗಿನ ತಮಾಷೆ. ಜರ್ಮನಿಯಲ್ಲಿ ನಮ್ಮ ಕ್ರಮವೇ ಇದೆ, ಓರೆಗೆರೆಯ ಬದಲು ಚುಕ್ಕೆ ಇಡುತ್ತಾರೆ. ಚೀನಾ, ಜಪಾನ್, ಕೊರಿಯಾ ಮತ್ತು ಹಂಗೇರಿಯವರು ವರ್ಷ, ತಿಂಗಳು, ದಿನ ಎಂದು ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತಾರೆ. ಸ್ವೀಡನ್ನಿನ ಕಾಗದಪತ್ರಗಳಲ್ಲಿಯೂ ಇದೇ ಕ್ರಮ. 1988ರಲ್ಲಿ ಹೊರಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಒಪ್ಪಿಕೊಂಡಿದ್ದೂ ಇದನ್ನೇ: 2003-09-07. ಹೀಗೆ ಬರೆದ ಕಡತಗಳನ್ನು ಹೆಸರಿನ ಪ್ರಕಾರ ಜೋಡಿಸಿದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಆ ಹುಡುಗಿಯ ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದಲೆಂದು ಎರಡು ಸಾಲುಗಳಿವೆ. ಎರಡನೇ ಸಾಲಿನಲ್ಲಿ ಐಎನ್‌ಡಿ ಎಂಬ ಅಕ್ಷರಗಳ ನಂತರದ ಆರು ಅಂಕಿ ಜನ್ಮದಿನಾಂಕವಾಗಿದ್ದು, ಎಲ್ಲ ದೇಶಗಳ ಪಾಸ್‌ಪೋರ್ಟಿನಲ್ಲಿಯೂ ಅದು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿಯೇ ಇರುತ್ತದೆ. ಅಲ್ಲಿ 030907 ಎಂದು ಇರಬೇಕು. ಆ ಪುಟದ ಪ್ರತಿಯನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಿ, ವಾದಕ್ಕೆ ಎಡೆಯೇ ಇರುವುದಿಲ್ಲ.

ಉತ್ತರ: ಹಳೆಯ ಗಲ್ಫ್ ಚಾಲಕ, ಹರಿಹರ

ಕ್ರಮ ಒಂದೇ ಆದರೂ ವರ್ಷವೇ ಬೇರೆಯಾದರೆ ಏನು ಮಾಡುತ್ತೀರಿ? ನಾನು ಸೌದಿಯಲ್ಲಿದ್ದಾಗ ವಾಸದ ಪರವಾನಗಿಯ ಅವಧಿ ಹಿಜರಿ, ಎಂದರೆ ಇಸ್ಲಾಮಿ ಪಂಚಾಂಗದ, ದಿನಾಂಕದಲ್ಲಿ ಇರುತ್ತಿತ್ತು. ಹಿಜರಿ ವರ್ಷ ನಮ್ಮ ಇಂಗ್ಲಿಷ್ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ, ಹೋದ ವರ್ಷದ ತಾರೀಖನ್ನೇ ನಂಬಿಕೊಂಡು ಕುಳಿತವರು ಅವಧಿ ಮೀರಿ ದಂಡ ಕಟ್ಟುತ್ತಿದ್ದರು. ನಮ್ಮ ಜೊತೆಗಿದ್ದ ನೇಪಾಳದವರು ಬಿಕ್ರಮ ಸಂವತ್ ಎಂಬ ತಮ್ಮ ಪಂಚಾಂಗದ ಲೆಕ್ಕ ಹೇಳಿದರೆ ಅವರು ಸುಮಾರು ಐವತ್ತೇಳು ವರ್ಷ ಮುಂದಿರುತ್ತಿದ್ದರು.

ಉತ್ತರ: ಕೋಟೆ ಮೇಷ್ಟ್ರು, ಚಿತ್ರದುರ್ಗ

ಪ್ರೋಗ್ರಾಮರ್ ಅವರು ವರ್ಷ ಮೊದಲು ಬರುವ ಕ್ರಮವನ್ನು 1988ರ ಮಾನದಂಡವೆಂದು ಹೇಳಿದ್ದಾರೆ. ಇತಿಹಾಸ ಪಾಠ ಮಾಡಿದ ನನಗೆ ಅದು ನಮ್ಮ ಶಾಸನಗಳ ಕ್ರಮವಾಗಿಯೇ ಕಾಣುತ್ತದೆ. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ: ಮಧ್ಯಕಾಲದ ಕನ್ನಡ ಶಾಸನಗಳು ಸಾಮಾನ್ಯವಾಗಿ ಹೀಗೆ ಇಳಿಯುತ್ತವೆ, ಮದುವೆಯ ಲಗ್ನಪತ್ರಿಕೆ ಇಂದಿಗೂ ಹಾಗೆಯೇ ಇಳಿಯುತ್ತದೆ. ಪುರೋಹಿತರ ಸಂಕಲ್ಪವಂತೂ ಕಲ್ಪ, ಮನ್ವಂತರಗಳಿಂದ ಹೊರಟು ಆ ದಿನದ ತಿಥಿಗೆ ಬಂದು ನಿಲ್ಲುತ್ತದೆ.

ಇದರಲ್ಲಿ ಕ್ರಮಕ್ಕಿಂತ ಮುಖ್ಯವಾದ ಒಂದು ಜಾಣತನವಿದೆ. ಶಕವರ್ಷದ ಅಂಕಿಯನ್ನು ಕೊಟ್ಟ ಮೇಲೂ ಅರವತ್ತರ ಚಕ್ರದ ಸಂವತ್ಸರವನ್ನು ಹೆಸರಿಸುತ್ತಾರೆ, ತಿಥಿ ಹೇಳಿದ ಮೇಲೂ ವಾರವನ್ನು ಸೇರಿಸುತ್ತಾರೆ. ಒಂದು ಅಂಕಿ ಸವೆದುಹೋದರೂ ಇನ್ನೊಂದು ಕೈಹಿಡಿಯುತ್ತದೆ; ಕೊಟ್ಟ ತಿಥಿಯೂ ವಾರವೂ ತಾಳೆಯಾಗದಿದ್ದರೆ ಶಾಸನತಜ್ಞರು ಕೂಡಲೇ ಅನುಮಾನ ಪಡುತ್ತಾರೆ. ತಾವು ಅರ್ಜಿಯ ಪಕ್ಕದಲ್ಲಿ ಭಾನುವಾರ ಎಂದು ಬರೆದುಕೊಂಡಿದ್ದರೆ ಸಾಕಿತ್ತು, ಏಕೆಂದರೆ 2003ರ ಸೆಪ್ಟೆಂಬರ್ 7 ಭಾನುವಾರ, ಆ ವರ್ಷದ ಜುಲೈ 9 ಬುಧವಾರ.

ಬರೀ ಅಂಕಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ದೊಡ್ಡ ಉದಾಹರಣೆಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನದಲ್ಲಿ 256 ಎಂಬ ಸಂಖ್ಯೆಯಿದ್ದು, ಅದು ಏನರ ಲೆಕ್ಕವೆಂಬುದು ಓದುವವರಿಗೆ ಸ್ಪಷ್ಟವಾಗಲಿಲ್ಲ. ಬ್ಯೂಲರ್ ಅವರಂತಹ ವಿದ್ವಾಂಸರು ಬುದ್ಧನ ನಿರ್ವಾಣದಿಂದ 256ನೇ ವರ್ಷವೆಂದು ತಿಳಿದರು. ಅರಸನು ಸಂಚಾರದಲ್ಲಿ ಕಳೆದ 256 ರಾತ್ರಿಗಳೆಂಬ ಅರ್ಥ ಆಮೇಲೆ ಬಲಗೊಂಡಿತು. ವರ್ಷವೋ ರಾತ್ರಿಯೋ ಎಂಬ ಆ ಜಿಜ್ಞಾಸೆಯ ಮುಂದೆ ತಮ್ಮ ಜುಲೈ, ಸೆಪ್ಟೆಂಬರ್ ಏನೂ ಅಲ್ಲ.

ಉತ್ತರ: ಪತ್ರ ಬರಹಗಾರ, ದಾವಣಗೆರೆ

ಮೇಷ್ಟ್ರ ಮಾತಿಗೆ ನನ್ನ ಕಸುಬಿನಿಂದ ಒಂದು ಸಾಕ್ಷಿ ಕೊಡುತ್ತೇನೆ. ಕ್ರಯಪತ್ರ ಬರೆಯುವಾಗ ನಾವು ಇಂದಿಗೂ “ಸನ್ ಎರಡು ಸಾವಿರದ ಮೂರನೇ ಇಸವಿ ಸೆಪ್ಟೆಂಬರ್ ಮಾಹೆ ಏಳನೇ ತಾರೀಖು” ಎಂದೇ ಆರಂಭಿಸುತ್ತೇವೆ. ಕನ್ನಡದಲ್ಲಿ ಬಾಯಿಬಿಟ್ಟು ಹೇಳುವಾಗಲೂ ಹಾಗೆಯೇ: ಇಂತಹ ಇಸವಿಯ ಇಂತಹ ತಿಂಗಳ ಇಷ್ಟನೇ ತಾರೀಖು. ನಮ್ಮ ಭಾಷೆಯಲ್ಲಿ ದೊಡ್ಡದು ಮುಂದೆ ಬರುತ್ತದೆ, ಅದರೊಳಗಿನ ಚಿಕ್ಕದು ಹಿಂದೆ ಬರುತ್ತದೆ. ಜಮೀನಿನ ವಿವರವೂ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ಸಾಗುತ್ತದೆಯೇ ಹೊರತು ಸರ್ವೆ ನಂಬರಿನಿಂದ ಹೊರಟು ಜಿಲ್ಲೆಗೆ ಹೋಗುವುದಿಲ್ಲ. ಬಾಯಲ್ಲಿ ವರ್ಷ ಮೊದಲು, ಕೈಯಲ್ಲಿ ದಿನ ಮೊದಲು. ಈ ಎರಡರ ನಡುವೆ ನಾವು ಇಷ್ಟು ಕಾಲ ನಡೆದುಕೊಂಡು ಬಂದಿದ್ದೇವೆ.

ಆದರೂ ಪ್ರೋಗ್ರಾಮರ್ ಅವರು ಹೇಳಿದ 2003-09-07 ಎಂಬ ಕ್ರಮವನ್ನು ಎಲ್ಲ ಕಡೆಗೂ ಬಳಸುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿನ ಕೌಂಟರುಗಳಲ್ಲಿ ಅದನ್ನು ನೋಡಿದವರು ಅರ್ಜಿಯನ್ನು ತಿರುಗಿಸಿ ಕೊಡುತ್ತಾರೆ, ಅಥವಾ ಅದರ ಮೇಲೆಯೇ ಗೀಚಿ ತಿದ್ದುತ್ತಾರೆ. ತಿದ್ದಿದ ದಿನಾಂಕ ಮುಂದೆ ಇನ್ನೊಂದು ತಂಟೆ. ಕಂಪ್ಯೂಟರಿನೊಳಗೆ ಅದು ಇರಲಿ. ಕಾಗದದ ಮೇಲೆ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ವರ್ಷವನ್ನು ನಾಲ್ಕು ಅಂಕಿಯಲ್ಲಿ ಬರೆಯಿರಿ. ಅಮೆರಿಕದ ವೀಸಾ ಅರ್ಜಿಯಲ್ಲಿಯೇ ಜನ್ಮ ತಿಂಗಳನ್ನು ಅಕ್ಷರದಲ್ಲಿ ಆರಿಸಬೇಕಾಗುತ್ತದೆ ಎಂಬುದನ್ನು ನನ್ನ ಮಗಳ ಅರ್ಜಿ ತುಂಬುವಾಗ ಕಂಡಿದ್ದೇನೆ.

ಮರುಉತ್ತರ: ಜೆರಾಕ್ಸ್ ಅಂಗಡಿ, ದಾವಣಗೆರೆ

ಎಲ್ಲರಿಗೂ ವಂದನೆಗಳು. ಪಾಸ್‌ಪೋರ್ಟಿನ ಎರಡನೇ ಸಾಲಿನಲ್ಲಿ 030907 ಎಂದೇ ಇತ್ತು. ಆ ಪುಟವನ್ನು ಕಳುಹಿಸಿದ ಮರುದಿನವೇ ತಿದ್ದಿದ್ದೇವೆಂದು ಉತ್ತರ ಬಂದಿದೆ. ಪಟ್ಟಿಯ ಕಥೆ ಅಷ್ಟು ಸುಲಭವಲ್ಲ. ನಲವತ್ತರಲ್ಲಿ ಬಲಕ್ಕೆ ಇದ್ದವು ಹದಿನಾಲ್ಕು, ಅವುಗಳಲ್ಲಿ ಆಗಸ್ಟ್ 8ರಂದು ಹುಟ್ಟಿದ ಒಬ್ಬ ಹುಡುಗನದು ಮಾತ್ರ ಕೆಡದೆ ಉಳಿದಿದೆ. ಉಳಿದ ಹದಿಮೂರು ಮನೆಗಳಿಗೆ ಫೋನ್ ಮಾಡಿ ಮಾರ್ಕ್ಸ್ ಕಾರ್ಡಿನ ಪ್ರತಿ ತರಿಸಿಕೊಳ್ಳುತ್ತಿದ್ದೇನೆ, ಈವರೆಗೆ ಒಂಬತ್ತು ಬಂದಿವೆ. ಅಂಗಡಿಯ ಚೀಟಿಯಲ್ಲಿ ಇನ್ನು ಮುಂದೆ ಜನ್ಮದಿನದ ಪಕ್ಕದಲ್ಲಿ ತಿಂಗಳ ಹೆಸರಿಗೊಂದು, ವಾರಕ್ಕೊಂದು ಖಾನೆ ಮಾಡಿಸಿದ್ದೇನೆ. ಹುಟ್ಟಿದ ವಾರ ಗೊತ್ತಿಲ್ಲವೆಂದು ಹುಡುಗರು ತಾಯಿಗೆ ಫೋನ್ ಮಾಡಿ ಕೇಳುತ್ತಿದ್ದಾರೆ.