ಊರು ಕೇಳಿ ಹಂಗಿಸಿದರೆ ಅದು ಕ್ರೌಡ್ ವರ್ಕ್ ಆಗುತ್ತದೆಯೇ?

ಮಂಡ್ಯದವಳು:
ಭಾನುವಾರ ಮೈಸೂರಿನಲ್ಲಿ ಒಂದು ಸ್ಟ್ಯಾಂಡಪ್ ಕಾಮಿಡಿ ಓಪನ್ ಮೈಕ್‌ಗೆ ಹೋಗಿದ್ದೆ. ಒಬ್ಬ ಹುಡುಗ ಮುಂದಿನ ಸಾಲಿನವರ ಊರು, ಕೆಲಸ ವಿಚಾರಿಸುವುದರಲ್ಲೇ ತನ್ನ ಐದು ನಿಮಿಷ ಕಳೆದ. ನಾನು ಮಂಡ್ಯ ಎಂದದ್ದೇ ತಡ, ಕಬ್ಬು, ಮಚ್ಚು, ಬೈಗುಳ ಎಲ್ಲ ಸಾಲಾಗಿ ಬಂದವು. ಇದು ಕ್ರೌಡ್ ವರ್ಕ್ ಅಂತೆ, ಸಭಿಕರನ್ನು ಮಾತಿಗೆಳೆದು ಸ್ಥಳದಲ್ಲೇ ನಗಿಸುವುದು. ಬರೆದುಕೊಂಡು ಬಾರದವನಿಗೆ ಒಳ್ಳೆಯ ನೆಪ.

ಸರಸ್ವತಿಪುರಂ ಮೇಷ್ಟ್ರು:
ಮೈಸೂರಿನಲ್ಲೇ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯನವರು (1934–2019) ನಾಟಕದ ನಡುವೆಯೇ ಅಂದಿನ ಸುದ್ದಿ ಎತ್ತಿಕೊಂಡು ಅಧಿಕಾರಸ್ಥರನ್ನು ಜಾಡಿಸುತ್ತಿದ್ದರು. ಅದೂ ಸ್ಥಳದಲ್ಲೇ ಹುಟ್ಟಿದ ಮಾತು. ಆದರೆ ಏಟು ಬೀಳುತ್ತಿದ್ದದ್ದು ಕುರ್ಚಿಯ ಮೇಲಿದ್ದವರಿಗೆ, ಟಿಕೆಟ್ ಕೊಂಡು ಬಂದವರಿಗಲ್ಲ.

ಮೈಕ್ ಹಿಡಿದವನು:
ಮೇಡಂ, ನಾನೂ ಓಪನ್ ಮೈಕ್‌ಗಳಲ್ಲಿ ಮಾತನಾಡುತ್ತೇನೆ. ಬರೆದ ಜೋಕನ್ನು ಜನರೆದುರು ಉಜ್ಜಿ ನೋಡುವ ಜಾಗ ಅದು. ಸೆಟಪ್, ಅಂದರೆ ಜೋಕಿನ ಪೀಠಿಕೆ, ಆಯಿತು, ನಗಿಸಬೇಕಾದ ಪಂಚ್ ಹೇಳಿಯಾಯಿತು, ಸಭೆ ಮಾತ್ರ ಗಪ್‌ಚುಪ್. ಇದನ್ನೇ ನಾವು ‘ಬಾಂಬ್ ಆದೆ’ ಎನ್ನುವುದು. ಹಿಂದಿನಿಂದ ‘ಲೈಟ್’, ಅಂದರೆ ಸಮಯ ಮುಗಿಯುತ್ತಾ ಬಂತು ಎಂಬ ಮೊಬೈಲ್ ಟಾರ್ಚಿನ ಸೂಚನೆ, ಬರುವವರೆಗೆ ಹೇಗೋ ನಿಲ್ಲಬೇಕು. ಆಗ ಸಭಿಕರೇ ಗತಿ. ಇನ್ನೊಂದು ಕಾರಣವೂ ಇದೆ. ಬರೆದ ಜೋಕನ್ನು ಇಂಟರ್ನೆಟ್‌ಗೆ ಹಾಕಿದರೆ ಅದು ‘ಬರ್ನ್’ ಆದಂತೆ. ಕೇಳಿದವರು ಮತ್ತೆ ದುಡ್ಡು ಕೊಟ್ಟು ಕೇಳುವುದಿಲ್ಲ. ಸಭಿಕರೊಡನೆ ಆಡಿದ ಮಾತಿಗೆ ಆ ಭಯವಿಲ್ಲ. ರೀಲ್ಸ್ ತುಂಬ ಕ್ರೌಡ್ ವರ್ಕ್ ಕಾಣುವುದು ಅದಕ್ಕೇ.

ಮಂಡ್ಯದವಳು:
ಅಂದರೆ ನಿಮ್ಮ ಸರಕು ಪೆಟ್ಟಿಗೆಯಲ್ಲಿ ಭದ್ರ, ನನ್ನ ಮುಖ ಊರಿಗೆಲ್ಲ ಪುಕ್ಕಟೆ ಜಾಹೀರಾತು!

ಕುಕ್ಕರಹಳ್ಳಿ ವಾಕಿಂಗ್:
ಆ ಸಂಜೆ ನಾನೂ ಇದ್ದೆ. ಅವನ ನಂತರ ಬಂದ ಹುಡುಗಿಯನ್ನು ಮರೆತಿರಾ? ಅವಳೂ ಒಬ್ಬರ ಕೆಲಸ ಕೇಳಿದಳು. ವಿದ್ಯುತ್ ಇಲಾಖೆ ಎಂದರು. “ಸರಿ ಸರ್, ಆಮೇಲೆ ಬರುತ್ತೇನೆ” ಎಂದು ಅಲ್ಲಿಗೇ ಬಿಟ್ಟಳು. ಬಳಿಕ ತನ್ನನ್ನು ನೋಡಲು ಬಂದ ಗಂಡಿನ ಕಡೆಯವರ ಕಥೆ: ತಿಳಿಸುತ್ತೇವೆ ಎಂದು ಹೋದವರು ಫೋನ್ ಎತ್ತಲೇ ಇಲ್ಲ. ತಟ್ಟನೆ ಆ ಮನುಷ್ಯನ ಕಡೆ ತಿರುಗಿ, “ನಿಮ್ಮ ಇಲಾಖೆಯವರೇ ಇರಬೇಕು ಸರ್” ಎಂದಳು. ಅದು ಕಾಲ್‌ಬ್ಯಾಕ್, ಹಿಂದೆ ಬಂದ ಮಾತನ್ನು ಮತ್ತೆ ಎಳೆತಂದು ನಗಿಸುವುದು. ನಗು ಇಳಿಯುವ ಮುನ್ನವೇ, “ನಮ್ಮ ಮನೆಯಲ್ಲಿ ಇನ್ನೂ ಕತ್ತಲೆ.” ಅದು ಟ್ಯಾಗ್, ಹೊಸ ಸೆಟಪ್ ಇಲ್ಲದೆ ಅದೇ ಜೋಕಿನ ಮೇಲೆ ಬಿದ್ದ ಇನ್ನೊಂದು ಪಂಚ್. ಎಲ್ಲರಿಗಿಂತ ಜೋರಾಗಿ ನಕ್ಕವರು ಆ ಇಲಾಖೆಯವರೇ.

ಸರಸ್ವತಿಪುರಂ ಮೇಷ್ಟ್ರು:
ನೋಡಿ, ಬರೆದ ಕಥೆ ಕೈಯಲ್ಲಿ ಇದ್ದದ್ದರಿಂದಲೇ ಸಭಿಕನ ಮಾತು ಅಲ್ಲಿ ಕೂತಿತು.

ಮೈಕ್ ಹಿಡಿದವನು:
ಒಪ್ಪಿದೆ ಮೇಷ್ಟ್ರೇ. ಮಂಡ್ಯ ಎಂದರೆ ಮಚ್ಚು ಎನ್ನುವುದನ್ನು ನಮ್ಮವರೇ ‘ಹ್ಯಾಕ್’ ಎಂದು ಬೈಯುತ್ತಾರೆ, ಯಾರು ಬೇಕಾದರೂ ಹೇಳಬಹುದಾದ ಸವೆದ ಸರಕು ಎಂದು. ಆದರೂ ಹೊಸಬರು ಎಲ್ಲೋ ಒಂದು ಕಡೆ ಸೋಲಲೇಬೇಕಲ್ಲ? ಮೇಡಂ, ಮುಂದಿನ ಸಲ ಹಿಂದೆ ಕುಳಿತುಕೊಳ್ಳಿ.

ಮಂಡ್ಯದವಳು:
ನಾನೇಕೆ ಹಿಂದೆ ಹೋಗಲಿ? ಅವನು ಬರೆದುಕೊಂಡು ಬರಲಿ. ಮತ್ತೆ ಆ ವಿಡಿಯೊ ಹಾಕುವ ಮೊದಲು ನನ್ನನ್ನು ಕೇಳಲಿ.