153 ಪೆಟ್ಟು ತಿಂದರೂ ಮುಳುಗದ 'ಅಜೋವ್' ಅನ್ನು ಐದೇ ವರ್ಷಕ್ಕೆ ಬಿಚ್ಚಿ ಹಾಕಿದ್ದೇಕೆ?

ಪ್ರಶ್ನೆ: ನಮಸ್ಕಾರ ಸರ್. ನೀವು ಹಡಗುಕಟ್ಟೆಯಲ್ಲಿ ಮರದ ತಪಾಸಣೆ ಮಾಡುತ್ತಿದ್ದವರು ಅಂತ ಗುಂಪಿನಲ್ಲಿ ಹೇಳಿದರು, ಅದಕ್ಕೆ ಕೇಳುತ್ತಿದ್ದೇನೆ. ನನ್ನ ಮಗನಿಗೆ ಹಾಯಿ ಹಡಗಿನ ಮಾದರಿ ಜೋಡಿಸುವ ಹುಚ್ಚು. ಈಗ ರಷ್ಯಾದ 'ಅಜೋವ್' ಎಂಬ ಯುದ್ಧನೌಕೆಯ ಕಿಟ್ ಹಿಡಿದು ಕೂತಿದ್ದಾನೆ. ಡಬ್ಬದ ಮೇಲೆ 1826–1831 ಎಂದಿದೆ. ನನ್ನ ಸ್ಕೂಟರೇ 14 ವರ್ಷದಿಂದ ಓಡುತ್ತಿದೆ. 74 ಫಿರಂಗಿಯ ಹಡಗು ಐದೇ ವರ್ಷ ಬಾಳಿತಾ? ಅಚ್ಚಿನ ತಪ್ಪು ಅಲ್ವಾ?

ಉತ್ತರ: ತಪ್ಪಲ್ಲ, ಡಬ್ಬದಲ್ಲಿರುವುದು ಸರಿಯಾಗಿಯೇ ಇದೆ. ಆದರೆ ಆ ಐದು ವರ್ಷದಲ್ಲಿ ಅದು ಮಾಡಿದ್ದನ್ನು ಐವತ್ತು ವರ್ಷ ಬಾಳಿದ ಹಡಗುಗಳೂ ಮಾಡಿಲ್ಲ.

ಕಟ್ಟಿದ್ದು ಉತ್ತರದ ಆರ್ಖಾಂಗೆಲ್ಸ್ಕ್ ಊರಿನ ಸೊಲೊಂಬಾಲಾ ಹಡಗುಕಟ್ಟೆಯಲ್ಲಿ. 1825ರ ಶರತ್ಕಾಲದಲ್ಲಿ ಕೆಲಸ ಶುರು, ಮರುವರ್ಷದ ಬೇಸಿಗೆಗೆ ಹಡಗು ನೀರಿನಲ್ಲಿ. ಕ್ಯಾಪ್ಟನ್ ಮಿಖಾಯಿಲ್ ಲಾಜರೆವ್. ಈತ 1820ರಲ್ಲಿ 'ಮಿರ್ನಿ' ಹಡಗಿನಲ್ಲಿ ಅಂಟಾರ್ಕ್ಟಿಕಾದ ಹಿಮದಂಚಿನವರೆಗೆ ಹೋಗಿ ಬಂದವನು. ಹಡಗು ಕಟ್ಟುವಾಗಲೇ ಪಕ್ಕದಲ್ಲಿ ನಿಂತು ಅದು ಹೀಗಿರಲಿ, ಇದು ಹಾಗಿರಲಿ ಎಂದು ಬದಲಾವಣೆ ಮಾಡಿಸಿದ. ಮನೆ ಕಟ್ಟಿಸುವವರು ಮೇಸ್ತ್ರಿಯ ಪಕ್ಕ ನಿಲ್ಲುತ್ತಾರಲ್ಲ, ಹಾಗೆ.

1827ರ ಬೇಸಿಗೆಯಲ್ಲಿ ರಷ್ಯಾದ ನೌಕಾನೆಲೆ ಕ್ರೊನ್‌ಸ್ಟಾಟ್‌ನಿಂದ ಹೊರಟು, ಇಂಗ್ಲೆಂಡಿನ ಪೋರ್ಟ್ಸ್‌ಮತ್ ಮುಟ್ಟಿ, ಅಲ್ಲಿಂದ ಮೆಡಿಟರೇನಿಯನ್‌ಗೆ. ಆಗ ಗ್ರೀಕರು ತುರ್ಕಿ ಸುಲ್ತಾನನ ವಿರುದ್ಧ ಎದ್ದಿದ್ದರು. ಬ್ರಿಟನ್, ಫ್ರಾನ್ಸ್, ರಷ್ಯಾ ಮೂರೂ ಒಟ್ಟಾಗಿ ಗ್ರೀಕರ ಬೆಂಬಲಕ್ಕೆ ಹಡಗು ಕಳಿಸಿದ್ದವು. ಅಕ್ಟೋಬರ್ 20ರಂದು ಗ್ರೀಸಿನ ನವಾರಿನೊ ಕೊಲ್ಲಿಯಲ್ಲಿ ತುರ್ಕಿ-ಈಜಿಪ್ಟ್ ನೌಕಾಪಡೆಯ ಜೊತೆ ಮುಖಾಮುಖಿಯಾಯಿತು. ಬರೀ ಹಾಯಿ ಹಡಗುಗಳೇ ಕಾದಾಡಿದ ಕೊನೆಯ ದೊಡ್ಡ ಯುದ್ಧ ಅದು.

ಸಿನಿಮಾದಲ್ಲಿ ತೋರಿಸುವ ಹಾಗೆ ಹಾಯಿ ಬಿಚ್ಚಿ ಅಟ್ಟಿಸಿಕೊಂಡು ಹೋಗುವ ಯುದ್ಧ ಅಲ್ಲ ಇದು. ಎರಡೂ ಕಡೆಯವರು ಲಂಗರು ಹಾಕಿ ನಿಂತಲ್ಲೇ, ಹತ್ತಿರದಿಂದ, ಸುಮಾರು ನಾಲ್ಕು ಗಂಟೆ ಹೊಡೆದಾಡಿದರು. ತಪ್ಪಿಸಿಕೊಳ್ಳಲು ಜಾಗವಿಲ್ಲ. ಯಾರ ಮರ ಗಟ್ಟಿ, ಯಾರ ಗುರಿ ಗಟ್ಟಿ, ಅಷ್ಟೇ. ರಷ್ಯಾದ ಅಡ್ಮಿರಲ್ ಹೈಡೆನ್‌ನ ಬಾವುಟ ಅಜೋವ್ ಮೇಲೇ ಇತ್ತು. ಹಾಗಾಗಿ ಎದುರಾಳಿಗಳ ಗುಂಡು ಅದಕ್ಕೇ ಜಾಸ್ತಿ. ಏಕಕಾಲಕ್ಕೆ ಹಲವು ಹಡಗುಗಳ ಜೊತೆ ಕಾದಾಡಿತು. ಫ್ರೆಂಚರ 'ಬ್ರೆಸ್ಲಾವ್' ನಡುವೆ ನುಗ್ಗಿ ಆಸರೆ ಕೊಟ್ಟಿತು. ಅಜೋವ್ ಕೂಡ, ತನ್ನ ಮೈಯೇ ಜರ್ಜರಿತವಾಗಿದ್ದರೂ, 14 ಫಿರಂಗಿಗಳನ್ನು ತಿರುಗಿಸಿ ಬ್ರಿಟಿಷ್ ಅಡ್ಮಿರಲ್ ಕಾಡ್ರಿಂಗ್ಟನ್‌ನ 'ಏಷ್ಯಾ' ಹಡಗಿಗೆ ನೆರವಾಯಿತು. ಈ 'ಏಷ್ಯಾ' ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಸಂಜೆ ಲೆಕ್ಕ ಹಾಕಿದಾಗ ಅಜೋವ್ ಮೈಮೇಲೆ 153 ಪೆಟ್ಟು. ಅದರಲ್ಲಿ 7 ನೀರಿನ ಮಟ್ಟದ ಕೆಳಗೆ. 24 ಜನ ಸತ್ತಿದ್ದರು, 67 ಜನರಿಗೆ ಗಾಯ. ಆದರೂ ಮುಳುಗಲಿಲ್ಲ. ಮಾಲ್ಟಾಕ್ಕೆ ಹೋಗಿ ರಿಪೇರಿ ಮಾಡಿಸಿಕೊಂಡು, ಮುಂದಿನ ರಷ್ಯಾ-ತುರ್ಕಿ ಯುದ್ಧದಲ್ಲೂ ಮೆಡಿಟರೇನಿಯನ್‌ನಲ್ಲೇ ದುಡಿದು, 1830ರಲ್ಲಿ ಕ್ರೊನ್‌ಸ್ಟಾಟ್‌ಗೆ ವಾಪಸ್ಸಾಯಿತು. ಮರುವರ್ಷ ಬಿಚ್ಚಿ ಹಾಕಿದರು.

ಪ್ರಶ್ನೆ (ಇನ್ನೊಬ್ಬರು): ಅಷ್ಟು ಗುಂಡು ಬಿದ್ದರೆ ಯಾವ ಹಡಗಾದರೂ ಹೋಗುತ್ತದೆ ಸರ್. ಇದರಲ್ಲಿ ಕೇಳುವುದೇನಿದೆ?

ಉತ್ತರ: ಕೇಳಬೇಕು ತಮ್ಮ, ಇಲ್ಲೇ ನನ್ನ ಕಸುಬಿನ ವಿಷಯ ಬರುವುದು.

ಗುಂಡಿನ ಹಾನಿ ದೊಡ್ಡ ಕಾರಣ ಅನ್ನುವುದು ನಿಜ. ಆದರೆ ಅದೇ ದಿನ, ಅದೇ ಕೊಲ್ಲಿಯಲ್ಲಿ 'ಏಷ್ಯಾ' ಕೂಡ ಚೆನ್ನಾಗಿ ಪೆಟ್ಟು ತಿಂದಿತ್ತು. ಅದರ ಹಿಂದಿನ ಹಾಯಿಕಂಬವೇ ಉರುಳಿ ಬಿದ್ದಿತ್ತು. ಆ ಹಡಗನ್ನು ಬ್ರಿಟಿಷರು ಮಾರಿದ್ದು ಯಾವಾಗ ಗೊತ್ತಾ? 1908ರಲ್ಲಿ! ನೀರಿಗಿಳಿದು 84 ವರ್ಷ ಆದ ಮೇಲೆ.

ಏಷ್ಯಾ ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. 1824ರಲ್ಲಿ ಬಾಂಬೆಯಲ್ಲಿ, ಪಾರ್ಸಿಗಳ ವಾಡಿಯಾ ಮನೆತನದವರು ಕಟ್ಟಿದ್ದು. ಮರ ತೇಗ. ನಮ್ಮ ಕಡೆ ಸಾಗವಾನಿ ಅನ್ನುತ್ತೇವಲ್ಲ, ಅದೇ. ತೇಗದ ಒಳಗೇ ಎಣ್ಣೆ ಇರುತ್ತದೆ. ಬೂಸ್ಟು ಬೇಗ ಹತ್ತುವುದಿಲ್ಲ, ಹುಳ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಇನ್ನೊಂದು ಗುಣ ಹೊರಗಿನವರಿಗೆ ಗೊತ್ತಿರುವುದಿಲ್ಲ. ಯುರೋಪಿನ ಹಡಗುಗಳಿಗೆ ಬಳಸುತ್ತಿದ್ದ ಓಕ್ ಮರದ ಒಗರು ರಸ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆ ಮೊಳೆಯನ್ನು ಕಾಯುತ್ತದೆ. ಮೊಳೆ ಸಡಿಲವಾದರೆ ಹಡಗು ಕೀಲು ತಪ್ಪಿದ ಮಂಚದ ಹಾಗೆ.

ಆರ್ಖಾಂಗೆಲ್ಸ್ಕ್‌ನಲ್ಲಿ ಸಿಗುತ್ತಿದ್ದದ್ದು ಮುಖ್ಯವಾಗಿ ಲಾರ್ಚ್ ಮತ್ತು ಪೈನ್ ಎಂಬ ಸೂಜಿಯೆಲೆಯ ಮರಗಳು. ಲಾರ್ಚ್ ಕೆಟ್ಟ ಮರ ಅಲ್ಲ. ಅದರಲ್ಲಿ ಅಂಟು ಇದೆ, ಚೆನ್ನಾಗಿ ಒಣಗಿಸಿದರೆ ಬಾಳುತ್ತದೆ. ಆದರೆ ಆ ಕಾಲದ ರಷ್ಯಾದ ಕಟ್ಟೆಗಳಿಗೆ ಮರ ಒಣಗಿಸುವ ತಾಳ್ಮೆ ಇರಲಿಲ್ಲ. ಹಸಿ ಮರದಲ್ಲೇ ಕಟ್ಟಿ ನೀರಿಗೆ ತಳ್ಳುತ್ತಿದ್ದರು. ಬಾಗಿಲಿಗೆ ಹಸಿ ಮರ ಹಾಕಿದವರನ್ನು ಮೊದಲ ಮಳೆಗಾಲ ಕಳೆದ ಮೇಲೆ ಕೇಳಿ, ಹೇಳುತ್ತಾರೆ. ಹಡಗಿನ ಹೊಟ್ಟೆಯಲ್ಲಿ ಗಾಳಿ ಆಡುವುದಿಲ್ಲ, ಸದಾ ತೇವ. ಬೂಸ್ಟು ಹಿಡಿದರೆ ಒಳಗಿಂದ ಲಡ್ಡಾಗುತ್ತಾ ಬರುತ್ತದೆ, ಹೊರಗಿನ ಬಣ್ಣ ಮಾತ್ರ ಚೆಂದ. ಕಡೆಗೆ ಹೊಸ ಹಲಗೆ ಹೊಡೆಯಲು ಹೋದರೆ ಮೊಳೆ ಕಚ್ಚಿಕೊಳ್ಳುವುದಕ್ಕೇ ಗಟ್ಟಿ ಜಾಗ ಇರುವುದಿಲ್ಲ. ಅಂಥ ಒಡಲಿಗೆ 153 ಪೆಟ್ಟೂ ಸೇರಿದರೆ, ರಿಪೇರಿಗಿಂತ ಹೊಸದು ಕಟ್ಟುವುದೇ ಅಗ್ಗ. ನನ್ನನ್ನು ತಪಾಸಣೆಗೆ ಕರೆದಿದ್ದರೆ ನಾನೂ ಬಿಚ್ಚಿ ಅಂತಲೇ ಬರೆಯುತ್ತಿದ್ದೆ.

ಸುಮ್ನೆ ನಮ್ಮ ಮರ ಅಂತ ಹೊಗಳುತ್ತಿಲ್ಲ. 1817ರಲ್ಲಿ ಬಾಂಬೆಯಲ್ಲೇ ತೇಗದಲ್ಲಿ ಕಟ್ಟಿದ 'ಟ್ರಿಂಕೊಮಲಿ' ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಹೋದವರು ಹತ್ತಿ ನೋಡಬಹುದು.

ಪ್ರಶ್ನೆ (ಒಬ್ಬ ಮೇಡಂ): ನಾನು ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಕೆಲವು ಕಡೆ ಯುದ್ಧದ ದಿನ ಅಕ್ಟೋಬರ್ 8 ಎಂದಿದೆ. ಜೊತೆಗೆ ಮುಂದೆ ರಷ್ಯಾದ ಹೆಸರಾಂತ ಅಡ್ಮಿರಲ್ ಆದ ನಖಿಮೊವ್ ಈ ಹಡಗಿನಲ್ಲಿ ಇದ್ದನಂತೆ, ಹೌದೇ?

ಉತ್ತರ: ಎರಡೂ ಸರಿ ಮೇಡಂ. ರಷ್ಯಾದಲ್ಲಿ ಆಗ ಹಳೆಯ ಕ್ಯಾಲೆಂಡರ್, 12 ದಿನ ಹಿಂದೆ.

ನಖಿಮೊವ್ ಒಬ್ಬನೇ ಅಲ್ಲ. ಲೆಫ್ಟಿನೆಂಟ್ ನಖಿಮೊವ್, ಕಿರಿಯ ಅಧಿಕಾರಿ ಕೊರ್ನಿಲೊವ್, ಇನ್ನೂ ತರಬೇತಿಯಲ್ಲಿದ್ದ ಹುಡುಗ ಇಸ್ತೊಮಿನ್ ಮೂವರೂ ಅವತ್ತು ಅಜೋವ್ ಮೇಲಿದ್ದರು. ಮೂವರೂ ಅಡ್ಮಿರಲ್ ಆದರು. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೊಲ್ ಬಂದರನ್ನು ಕಾಯುತ್ತಾ ಮೂವರೂ ಒಂದೇ ಮಲಾಖೊವ್ ದಿಬ್ಬದ ಬಳಿ ಪೆಟ್ಟು ತಿಂದು ಸತ್ತರು. ಕೊರ್ನಿಲೊವ್ 1854ರಲ್ಲಿ, ಉಳಿದಿಬ್ಬರು 1855ರಲ್ಲಿ. ಎದುರಿಗೆ ಇದ್ದವರು ಯಾರು? ನವಾರಿನೊದಲ್ಲಿ ಜೊತೆಗಿದ್ದ ಬ್ರಿಟಿಷರು ಮತ್ತು ಫ್ರೆಂಚರೇ. ಮೂವರ ಸಮಾಧಿಯೂ ಸೆವಾಸ್ತೊಪೊಲ್‌ನ ಚರ್ಚಿನಲ್ಲಿ, ಗುರು ಲಾಜರೆವ್ ಪಕ್ಕದಲ್ಲೇ ಇದೆ.

ಪ್ರಶ್ನೆ (ಇನ್ನೊಬ್ಬರು): 'ಪಾಮ್ಯಾತ್ ಅಜೋವಾ' ಅಂತ ಒಂದು ಹಡಗು ಬಾಂಬೆಗೆ ಬಂದಿತ್ತು ಅಂತ ಓದಿದ್ದೆ. ಇದೇನಾ?

ಉತ್ತರ: ಇದರ ಹೆಸರು ಹೊತ್ತ ಮುಂದಿನ ತಲೆಮಾರು. ಆ ಮಾತಿನ ಅರ್ಥ 'ಅಜೋವ್‌ನ ನೆನಪು'. ನವಾರಿನೊ ಆದ ಮೇಲೆ ತ್ಸಾರ್ ನಿಕೊಲಾಯ್ ಈ ಹೆಸರಿನ ಹಡಗು ನೌಕಾಪಡೆಯಲ್ಲಿ ಯಾವಾಗಲೂ ಇರಬೇಕೆಂದು ಆಜ್ಞೆ ಮಾಡಿದ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಹಾಗೆ ಹೆಸರು ಸಾಗಿ ಬಂತು. ನೀವು ಓದಿದ್ದು 1888ರಲ್ಲಿ ನೀರಿಗಿಳಿದ ಉಕ್ಕಿನ ಕ್ರೂಸರ್, ಅಂದರೆ ವೇಗದ ಯುದ್ಧನೌಕೆ. ಮುಂದೆ ಕೊನೆಯ ತ್ಸಾರ್ ಆದ ನಿಕೊಲಾಯ್, ಯುವರಾಜನಾಗಿದ್ದಾಗ 1890ರ ಡಿಸೆಂಬರ್‌ನಲ್ಲಿ ಅದರಲ್ಲೇ ಬಾಂಬೆಗೆ ಬಂದಿಳಿದ. ಆ ಪ್ರವಾಸದ ನೆನಪಿಗೆ ಆಭರಣಕಾರ ಫಾಬೆರ್ಜೆ ಮಾಡಿದ ಅಲಂಕಾರದ ಮೊಟ್ಟೆಯ ಒಳಗೆ ಆ ಕ್ರೂಸರ್‌ನ ಪುಟ್ಟ ಮಾದರಿ ಇದೆ, ಮಾಸ್ಕೊದಲ್ಲಿ ನೋಡಬಹುದು. 1906ರಲ್ಲಿ ನಾವಿಕರು ದಂಗೆ ಎದ್ದಿದ್ದಕ್ಕೆ ಮುಂದೆ ಹೆಸರು ಕಿತ್ತುಕೊಂಡರು, 1917ರಲ್ಲಿ ವಾಪಸ್ಸು ಕೊಟ್ಟರು. 1919ರಲ್ಲಿ ಕ್ರೊನ್‌ಸ್ಟಾಟ್‌ನಲ್ಲಿ ಅದನ್ನು ಮುಳುಗಿಸಿದ್ದು ಬ್ರಿಟಿಷರ ಟಾರ್ಪಿಡೊ ದೋಣಿ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಮಗನ ಒಂದೇ ಪ್ರಶ್ನೆ ಉಳಿದಿದೆ. ಕಿಟ್‌ನಲ್ಲಿ ಎರಡು ಬಾವುಟ ಇವೆ. ಒಂದರಲ್ಲಿ ಬರೀ ನೀಲಿ ಓರೆ ಶಿಲುಬೆ, ಇನ್ನೊಂದರ ನಡುವೆ ಕೆಂಪು ಗುರಾಣಿ. ಯಾವುದು ಹಚ್ಚಬೇಕು?

ಉತ್ತರ: ನವಾರಿನೊ ದಿನದ ಹಡಗು ಮಾಡುತ್ತಿದ್ದರೆ ಬರೀ ನೀಲಿ ಶಿಲುಬೆಯದ್ದು. ಕೆಂಪು ಗುರಾಣಿಯಲ್ಲಿ ಕುದುರೆ ಏರಿದ ಸಂತ ಜಾರ್ಜ್ ಇರುವ ಬಾವುಟ ಯುದ್ಧ ಗೆದ್ದಿದ್ದಕ್ಕೆ ಸಿಕ್ಕಿದ ಮರ್ಯಾದೆ. ರಷ್ಯಾದ ನೌಕಾಪಡೆಯಲ್ಲಿ ಅದು ಮೊದಲು ಸಿಕ್ಕಿದ್ದೇ ಅಜೋವ್‌ಗೆ, ಅದೂ ಡಿಸೆಂಬರ್‌ನಲ್ಲಿ. ಹಾಗಾಗಿ ಆ ಬಾವುಟ ಹಚ್ಚಿದರೆ ರಿಪೇರಿ ಆದ ಹಡಗು ಅಂತ ಅರ್ಥ, ಮೈಮೇಲೆ ತೂತು ಇರಬಾರದು.

ಮೊದಲು ಕೇಳಿದವರು: ಆಗಲೇ ಏಳು ಕೊರೆದಿದ್ದಾನೆ ಸರ್. ನೀಲಿ ಶಿಲುಬೆಯದ್ದೇ ಹಚ್ಚಿಸುತ್ತೇನೆ.